ಏಳನೇ ತಾರೀಕಿನ ದೇಯಿ

ದೇಯಿ ಮೊದಲ ಸಲ ಒಬ್ಬಳೇ ನಮ್ಮ ಕಚೇರಿಗೆ ಬಂದದ್ದು 1957ರ ನವೆಂಬರ್ ಏಳರಂದು. ಬಂದವಳು ಎದುರು ಬಾಗಿಲಿನಿಂದಲೇ ಬಂದಳು. ಮಂಗಳೂರು ಬಂದರಿನ ಹಾಲ್ಡನ್ ಕಂಪೆನಿಯಲ್ಲಿ ಎದುರು ಬಾಗಿಲು ಇದ್ದದ್ದು ದೊರೆಗಳಿಗೆ, ಬ್ಯಾಂಕಿನವರಿಗೆ, ಹಡಗಿನ ಏಜೆಂಟರಿಗೆ, ಮತ್ತೆ ಗುಮಾಸ್ತರಾದ ನಮಗೆ. ಕಂಪೆನಿಯ ಗೇರುಬೀಜ ಫ್ಯಾಕ್ಟರಿಯಲ್ಲಿ ಸಿಪ್ಪೆ ಸುಲಿಯುವ ಹೆಂಗಸರು ಹಿಂದಿನ ಅಂಗಳದಲ್ಲಿ ಸಾಲು ನಿಂತು ಒಂದು ಕಿಟಕಿಯಿಂದ ಸಂಬಳ ಪಡೆಯುತ್ತಿದ್ದರು. ದೇಯಿಯೂ ಆ ಹೆಂಗಸರಲ್ಲಿ ಒಬ್ಬಳು. ಹಾಗಾಗಿ ಅವಳು ಒಳಗೆ ಕಾಲಿಟ್ಟ ಕೂಡಲೇ ಕ್ಯಾಶಿಯರ್ ಯೂಸ್ಟೇಸ್ ತಲೆ ಎತ್ತಿದ.

"ಏ ದೇಯಿ, ಎಂತ ಈ ಕಡೆಯಿಂದ? ಹಿಂದೆ ಹೋಗು, ಕಿಟಕಿಗೆ."

"ಕಿಟಕಿ ಸುಲಿದದ್ದರ ಸಂಬಳಕ್ಕಲ್ವಾ ಪೊರ್ಬುಗಳೇ? ನಾನು ಬಂದದ್ದು ನಮ್ಮವರ ಸಂಬಳಕ್ಕೆ. ಅವರು ಆಫ್ರಿಕದ ಆಫೀಸಿನಲ್ಲಿ ಇದ್ದಾರೆ."

"ಚೂರಿಯಲ್ಲಿ ಬೀಜ ಕೊಯ್ಯುವುದು ಯಾವಾಗಿಂದ ಆಫೀಸಿನ ಕೆಲಸ ಆದದ್ದು ಮಾರಾಯ್ತಿ?"

"ಅವರು ಕೊಯ್ದು ನೋಡದಿದ್ದರೆ ನಿಮ್ಮ ಆಫೀಸಿಗೆ ಬರುವುದು ಹಾಳು ಬೀಜ. ಆಮೇಲೆ ನೀವು ಈ ಮೇಜಿನಲ್ಲಿ ಕೂತು ಎಂತ ಮಾಡ್ತೀರಿ?"

ಯೂಸ್ಟೇಸ್ ಲೆಡ್ಜರಿಗೆ ತಲೆ ತಗ್ಗಿಸಿದ. ಒಂದು ಗಂಟೆಯವರೆಗೆ ಅವಳನ್ನು ನಿಲ್ಲಿಸಿದ. ದೇಯಿ ನಿಂತಳು. ಕೂರಲು ಬೆಂಚು ಖಾಲಿ ಇತ್ತು, ಯಾರೂ ಕೂರು ಎನ್ನಲಿಲ್ಲ. ಅವಳು ಕೇಳಲೂ ಇಲ್ಲ. ಕೊನೆಗೆ ಅವನು ಸ್ಟಾಂಪ್ ಪ್ಯಾಡನ್ನು ಮುಂದೆ ತಳ್ಳಿ "ಹೆಬ್ಬೆಟ್ಟು ಒತ್ತು" ಎಂದ. "ಪೆನ್ನು ಕೊಡಿ" ಎಂದಳು ಅವಳು. ಕನ್ನಡದಲ್ಲಿ ದೇಯಿ ಎಂದು ದಪ್ಪಕ್ಕೆ ಬರೆದು, ನೋಟುಗಳನ್ನು ಅವನ ಎದುರಿನಲ್ಲೇ ಎರಡು ಸಲ ಎಣಿಸಿ, ಬಂದ ಬಾಗಿಲಿನಿಂದಲೇ ಹೊರಗೆ ಹೋದಳು.

ದೇಯಿ, ಯೂಸ್ಟೇಸ್ ಇಬ್ಬರೂ ಊರಂಚಿನ ಕುಲಶೇಖರದವರು. ಯೂಸ್ಟೇಸನ ಮನೆಯ ಎರಡು ಮುಡಿ ಗದ್ದೆಯನ್ನು ದೇಯಿಯ ಅಪ್ಪ ಗೇಣಿಗೆ ಮಾಡುತ್ತಿದ್ದ. ದೇಯಿ ಸಣ್ಣವಳಿದ್ದಾಗ ಆ ಗದ್ದೆಯಲ್ಲಿ ನೇಜಿ ನೆಟ್ಟವಳು. ಆ ಗದ್ದೆಯ ಯಜಮಾನನ ಮಗನಿಗೆ ಅವಳು ಎದುರು ಬಾಗಿಲಿನಿಂದ ಬಂದದ್ದನ್ನು ನುಂಗಿಕೊಳ್ಳಲು ಒಂಬತ್ತು ವರ್ಷವೂ ಸಾಕಾಗಲಿಲ್ಲ.

ನಾನು ಮಗ್ದಲೀನ್ ಪಾಯ್ಸ್, ಆ ಕಚೇರಿಯ ಟೈಪಿಸ್ಟ್. ನಮ್ಮ ಕ್ರಿಸ್ತಾನ ಗಂಡಸರನ್ನು ಊರವರು ಪೊರ್ಬು ಎಂದೂ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುತ್ತಿದ್ದರು. ಮನೆ ಜೆಪ್ಪುವಿನಲ್ಲಿ. ಅಪ್ಪ ತೀರಿಹೋಗಿದ್ದರು, ನಾನು ಅಮ್ಮನ ಜೊತೆ ಇದ್ದೆ. ಆ ವರ್ಷ ನನಗೆ ಇಪ್ಪತ್ತೆರಡು, ದೇಯಿಗೆ ಇಪ್ಪತ್ತೆಂಟು ಇರಬಹುದು. ಅವಳ ಕತೆಯನ್ನು ನಾನು ಹೇಳುವುದು ಅವಳಿಗೆ ಇಷ್ಟವಾಗಲಿಕ್ಕಿಲ್ಲ. ಅವಳಿಗೆ ನಾನು ಯಾವತ್ತೂ ಇಷ್ಟವಾದವಳಲ್ಲ. ಅದಕ್ಕೆ ಕಾರಣವಿತ್ತು, ಆ ಕಾರಣ ನಾನೇ.

ಅವಳ ಗಂಡ ಗುರುವಪ್ಪ ಮೆದು ಮಾತಿನ ಮನುಷ್ಯ. ಮೂಟೆಗೆ ಕೈ ಹಾಕಿ ಒಂದು ಹಿಡಿ ಹಸಿ ಬೀಜ ತೆಗೆದು, ಚೂರಿಯಲ್ಲಿ ಒಂದೊಂದನ್ನೇ ಸೀಳಿ ನೋಡಿದರೆ, ಆ ಮೂಟೆಯಿಂದ ಎಷ್ಟು ತೂಕದ ಒಳ್ಳೆಯ ತಿರುಳು ಸಿಗುತ್ತದೆಂದು ಹೇಳಿಬಿಡುತ್ತಿದ್ದ. ಕಳೆದ ವರ್ಷದ ಬೀಜ ಬೆರೆಸಿದ್ದಾರೋ, ಸಮುದ್ರದ ನೀರು ತಾಗಿದೆಯೋ, ಅದೂ ಅವನಿಗೆ ತಿಳಿಯುತ್ತಿತ್ತು. ಮಂಗಳೂರಿನ ಫ್ಯಾಕ್ಟರಿಗೆ ಆಗ ಬೀಜ ಬರುತ್ತಿದ್ದದ್ದು ಪೂರ್ವ ಆಫ್ರಿಕದ ಲಿಂಡಿ ಎಂಬ ರೇವಿನಿಂದ. 1956ರಲ್ಲಿ ಎರಡು ಹಡಗು ಹಾಳು ಬೀಜ ಬಂದು ಕಂಪೆನಿ ಕೈ ಸುಟ್ಟುಕೊಂಡಿತು. ಇನ್ನು ಮುಂದೆ ಬೀಜವನ್ನು ಅಲ್ಲಿಯೇ ಕೊಯ್ದು ನೋಡಿ ಕೊಳ್ಳಬೇಕೆಂದು ಲಂಡನ್ನಿನಿಂದ ಆಜ್ಞೆಯಾಯಿತು. ಲಿಂಡಿಗೆ ಇಬ್ಬರನ್ನು ಆರಿಸಿದರು. ಒಬ್ಬ ಗುರುವಪ್ಪ. ಇನ್ನೊಬ್ಬ ಡನ್ ಎಂಬ ಸ್ಕಾಟ್ಲೆಂಡಿನ ತರುಣ. ಗುರುವಪ್ಪನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ನಾಲ್ಕು ತಿಂಗಳು ಬೀಜ ಸೀಳಲು ಕಲಿತವನು.

ಇಬ್ಬರ ಕರಾರುಪತ್ರವನ್ನೂ ಒಂದೇ ಮಧ್ಯಾಹ್ನ ನಾನೇ ಟೈಪ್ ಮಾಡಿದೆ. ಗುರುವಪ್ಪನಿಗೆ ತಿಂಗಳಿಗೆ ನಾನೂರ ಐವತ್ತು ಶಿಲ್ಲಿಂಗ್. ಅದರಲ್ಲಿ ನೂರೈವತ್ತನ್ನು ಲಿಂಡಿಯಲ್ಲಿ ಅವನ ಕೈಗೆ ಕೊಡುವುದು, ಉಳಿದ ಮುನ್ನೂರರ ಬೆಲೆಯ ರೂಪಾಯಿಯನ್ನು ಪ್ರತಿ ತಿಂಗಳು ಏಳನೇ ತಾರೀಕಿಗೆ ಮಂಗಳೂರಿನಲ್ಲಿ ಹೆಂಡತಿಗೆ ಕೊಡುವುದು. ಡನ್ನನಿಗೆ ಎರಡು ಸಾವಿರದ ಇನ್ನೂರು ಶಿಲ್ಲಿಂಗ್. ಅದು ಪೌಂಡಿನಲ್ಲಿ ಲಂಡನ್ನಿನ ಬ್ಯಾಂಕಿಗೆ. ಅದರ ಮೇಲೆ ಪುಕ್ಕಟೆ ಮನೆ, ಅಡುಗೆಯವ, ಹಡಗಿನಲ್ಲಿ ಕ್ಯಾಬಿನ್, ಎರಡು ವರ್ಷಕ್ಕೊಮ್ಮೆ ಪೂರ್ತಿ ಸಂಬಳದಲ್ಲಿ ಆರು ತಿಂಗಳ ರಜೆ. ಗುರುವಪ್ಪನಿಗೆ ಮೂರು ವರ್ಷಕ್ಕೊಮ್ಮೆ ಅರ್ಧ ಸಂಬಳದಲ್ಲಿ ಎರಡು ತಿಂಗಳು. ಹಡಗಿನಲ್ಲಿ ಡೆಕ್.

ಸಹಿ ಹಾಕುವ ದಿನ ಗಂಡಹೆಂಡತಿ ಇಬ್ಬರೂ ಬಂದಿದ್ದರು. ಇಂಗ್ಲಿಷಿನ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಲು ನನ್ನನ್ನು ಕರೆದರು. ಆ ಮುನ್ನೂರು ಶಿಲ್ಲಿಂಗಿಗೆ ಮಂಗಳೂರಿನಲ್ಲಿ ಇನ್ನೂರು ರೂಪಾಯಿ ಸಿಗುತ್ತದೆ ಎಂದಾಗ ಗುರುವಪ್ಪನ ಮುಖ ಅರಳಿತು. ಫ್ಯಾಕ್ಟರಿಯಲ್ಲಿ ಅವನಿಗೆ ಸಿಗುತ್ತಿದ್ದದ್ದು ತೊಂಬತ್ತು. ದೇಯಿ ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ಡನ್ ದೊರೆಗೂ ಇದೇ ಕೆಲಸ ಅಲ್ವಾ ಬಾಯಮ್ಮ? ಅವರಿಗೆ ಎಷ್ಟು?"

"ನನಗೆ ಗೊತ್ತಿಲ್ಲ" ಎಂದೆ.

ಗುಟ್ಟು ಕಾಪಾಡುವುದು ನನ್ನ ಕೆಲಸದ ಭಾಗವೇ ಆಗಿತ್ತು. ಆದರೆ ಹೇಳುವ ಹಾಗಿಲ್ಲ ಎನ್ನುವುದು ಬೇರೆ, ಗೊತ್ತಿಲ್ಲ ಎನ್ನುವುದು ಬೇರೆ. ನಾನು ಎರಡನೆಯದನ್ನು ಹೇಳಿದೆ.

ಹೀಗೆ ಪ್ರತಿ ಏಳನೇ ತಾರೀಕಿಗೆ ದೇಯಿ ಬರುವುದು, ಯೂಸ್ಟೇಸ್ ಅವಳನ್ನು ಕಾಯಿಸುವುದು ಶುರುವಾಯಿತು. ಒಮ್ಮೆ ಬೊಂಬಾಯಿಯ ಬ್ಯಾಂಕಿನ ಕಾಗದ ಬಂದಿಲ್ಲ ಎನ್ನುವನು, ಒಮ್ಮೆ ಚಿಲ್ಲರೆ ಇಲ್ಲ ಎನ್ನುವನು. ಅವಳನ್ನು ಕಾಯಿಸಿದ ದಿನವೆಲ್ಲ ಫ್ಯಾಕ್ಟರಿಯಲ್ಲಿ ಅವಳ ದಿನದ ಕೂಲಿ ಹೋಗುತ್ತಿತ್ತು, ಅದು ಅವನಿಗೆ ಗೊತ್ತಿತ್ತು. 1958ರ ಮಳೆಗಾಲದ ಒಂದು ಏಳನೇ ತಾರೀಕು ಸಂಜೆ ನಾಲ್ಕರವರೆಗೂ ಕೂರಿಸಿ, ನಾಳೆ ಬಾ ಎಂದ. ಮರುದಿನ ಅವಳು ಬರುವಾಗ ಒಂದು ಗೋಣಿಚೀಲ ತಂದಳು. ಎದುರು ಬಾಗಿಲಿನ ಮೆಟ್ಟಿಲ ಮೇಲೆ ಅದನ್ನು ಹಾಸಿ, ಒಣ ಸಿಗಡಿಯ ರಾಶಿ ಸುರಿದು, ಒಂದೊಂದರ ತಲೆ ಬಾಲ ಮುರಿಯುತ್ತಾ ಕೂತಳು. ಮಳೆಯ ಥಂಡಿಗೆ ಆ ವಾಸನೆ ಕಚೇರಿಯೊಳಗೆ ನುಗ್ಗಿ ಮ್ಯಾನೇಜರ್ ಗ್ರೀವ್ಸ್ ದೊರೆಯ ಕೋಣೆಯನ್ನೂ ಸೇರಿತು.

"ಎಂತ ಇದು ಹೊಲಸು! ತೆಗಿ ಇಲ್ಲಿಂದ!" ಎಂದು ಯೂಸ್ಟೇಸ್ ಕಿರುಚಿದ.

"ಕಾಯುವಾಗ ಕೈ ಖಾಲಿ ಇಟ್ಟುಕೊಂಡು ಕೂರಲಿಕ್ಕೆ ನಾನು ಗುಮಾಸ್ತಳಾ? ನೀವು ಕಾಯಿಸಿ. ನಾನು ಸಿಗಡಿ ಮುಗಿದ ಮೇಲೆ ಬಂಗುಡೆ ತರ್ತೇನೆ."

ಹತ್ತು ನಿಮಿಷದಲ್ಲಿ ಅವಳ ಸಂಬಳ ಅವಳ ಕೈಯಲ್ಲಿತ್ತು. ಪಕ್ಕದ ಅಂಗಡಿಯಲ್ಲಿ ಕೊಬ್ಬರಿಯ ವ್ಯಾಪಾರ ಮಾಡುತ್ತಿದ್ದ ರವೂಫ್ ಬ್ಯಾರಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಯೂಸ್ಟೇಸ್ ಅಂದಿನಿಂದ ಕಾಯಿಸುವುದನ್ನು ಬಿಟ್ಟು ಬೇರೆ ದಾರಿ ಹಿಡಿದ: ಹಣವನ್ನು ಕೈಗೆ ಕೊಡದೆ, ಮೇಜಿನ ಆಚೆ ತುದಿಗೆ ಎಸೆಯುತ್ತಿದ್ದ.

1960ರ ಡಿಸೆಂಬರಿನಲ್ಲಿ ಗುರುವಪ್ಪ ರಜೆಯಲ್ಲಿ ಬಂದ. ಬಡಕಲಾಗಿದ್ದ. ಲಿಂಡಿಯಲ್ಲಿ ನೂರೈವತ್ತು ಶಿಲ್ಲಿಂಗಿನಲ್ಲಿ ಬಾಡಿಗೆ ಕೊಟ್ಟು, ಅಕ್ಕಿ ಕೊಂಡು, ತಿಂಗಳ ಕೊನೆಗೆ ಮರಗೆಣಸು ತಿಂದು ದಿನ ದೂಡುತ್ತಿದ್ದನಂತೆ. ಡನ್ನನ ಸಂಬಳ ಎಷ್ಟೆಂದು ಅವನಿಗೆ ಡನ್ನನೇ ಒಂದು ಸಂಜೆ ಕುಡಿದ ಗುಂಗಿನಲ್ಲಿ ಹೇಳಿಬಿಟ್ಟಿದ್ದ. ಅದನ್ನು ಗುರುವಪ್ಪ ಹೆಂಡತಿಗೆ ಹೇಳಿದ. ಹೇಳಬಾರದಿತ್ತೆಂದು ಅವನಿಗೆ ಆಮೇಲೆ ಅನಿಸಿರಬೇಕು. ಮರುದಿನವೇ ದೇಯಿ ಅವನನ್ನು ಕರೆದುಕೊಂಡು ಗ್ರೀವ್ಸ್ ದೊರೆಯ ಕೋಣೆಯ ಎದುರು ನಿಂತಳು.

ನಾನು ಶಾರ್ಟ್‌ಹ್ಯಾಂಡ್ ಪುಸ್ತಕ ಹಿಡಿದುಕೊಂಡು ಒಳಗೇ ಇದ್ದೆ. ಮಾತನ್ನು ಆಚೀಚೆ ಹೇಳಲು ಯೂಸ್ಟೇಸನನ್ನು ಕರೆಸಿದರು. ಗ್ರೀವ್ಸ್ ಸಿಟ್ಟಿನ ಮನುಷ್ಯನಲ್ಲ. ಮಕ್ಕಳಿಗೆ ಪಾಠ ಹೇಳುವಂತೆ ನಿಧಾನವಾಗಿ ಹೇಳಿದ. ಕಂಪೆನಿಯ ನಿಯಮ ಬಹಳ ಸರಳ. ಹೊರದೇಶಕ್ಕೆ ಹೋದ ನೌಕರ ತನ್ನ ಊರಿನಲ್ಲಿ ಹೇಗೆ ಬದುಕುತ್ತಿದ್ದನೋ ಅಲ್ಲಿಯೂ ಹಾಗೆಯೇ ಬದುಕಬೇಕು. ಅವನಿಗೆ ನಷ್ಟವೂ ಆಗಬಾರದು, ಬೇಡದ ಲಾಭವೂ ಆಗಬಾರದು. ಡನ್ನನ ಊರು ಗ್ಲಾಸ್ಗೋ, ಗುರುವಪ್ಪನದು ಕುಲಶೇಖರ. ಇದರಲ್ಲಿ ಅನ್ಯಾಯ ಏನಿದೆ?

ಯೂಸ್ಟೇಸ್ ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದ. "ಅವರ ಊರಲ್ಲಿ ಖರ್ಚು ಜಾಸ್ತಿ, ನಿಮ್ಮ ಊರಲ್ಲಿ ಕಡಿಮೆ. ಅದಕ್ಕೆ."

"ಈಗ ಇಬ್ಬರೂ ಊರಲ್ಲಿ ಇಲ್ಲ ಅಲ್ವಾ?" ಎಂದಳು ದೇಯಿ. "ಲಿಂಡಿಯಲ್ಲಿ ಅಕ್ಕಿ ಮಾರುವವ, ಓ ನಿಮ್ಮದು ಕುಲಶೇಖರವಾ, ಹಾಗಾದರೆ ಕಡಿಮೆಗೆ ತೆಗೊಳ್ಳಿ ಅಂತ ಹೇಳ್ತಾನಾ? ಕೇಳಿ ದೊರೆಯ ಹತ್ತಿರ."

ಗ್ರೀವ್ಸ್ ಯೂಸ್ಟೇಸನ ಕಡೆ ತಿರುಗಿದ. "ಆಲೋಚನೆ ಮಾಡುತ್ತೇವೆ ಎನ್ನುತ್ತಿದ್ದಾಳೆ ಸಾರ್" ಎಂದು ಯೂಸ್ಟೇಸ್ ಇಂಗ್ಲಿಷಿನಲ್ಲಿ ಹೇಳಿದ.

ದೇಯಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಅಷ್ಟು ದೊಡ್ಡ ಮಾತು ಅಷ್ಟು ಸಣ್ಣದಾಗಿ ಮುಗಿದದ್ದು ತಿಳಿಯಿತು. ಅವಳು ನನ್ನ ಕಡೆ ನೋಡಿದಳು.

"ಪೊರ್ಬು ನಾನು ಹೇಳಿದ್ದನ್ನು ಹೇಳಲಿಲ್ಲ. ಬಾಯಮ್ಮ, ನೀವು ಹೇಳಿ."

ನಾನು ಪುಸ್ತಕದ ಮೇಲೆ ಕಣ್ಣು ನೆಟ್ಟೆ. ಅವಳು ನನ್ನನ್ನೇ ನೋಡುತ್ತಾ ನಿಂತಿದ್ದವಳು ಇದ್ದಕ್ಕಿದ್ದ ಹಾಗೆ ಕೇಳಿದಳು: "ಡನ್ ದೊರೆಯ ಕಾಗದ ಟೈಪ್ ಮಾಡಿದ್ದು ಯಾರು?"

ಉತ್ತರ ನನ್ನ ಮುಖದಲ್ಲೇ ಸಿಕ್ಕಿರಬೇಕು.

"ಗೊತ್ತಿದ್ದೂ ಗೊತ್ತಿಲ್ಲ ಅಂದಿರಿ. ಯೂಸ್ಟೇಸ್ ಪೊರ್ಬು ಎದುರಿನಿಂದ ಬೈಯ್ತಾರೆ. ನಿಮ್ಮದು ಅದಕ್ಕಿಂತ ಕಡೆ."

ಆ ದಿನದಿಂದ ಅವಳು ನನ್ನನ್ನು ಬಾಯಮ್ಮ ಎಂದು ಕರೆಯಲಿಲ್ಲ. ಕರೆಯಲೇಬೇಕಾದಾಗ "ಟೈಪಿನವರೇ" ಎನ್ನುತ್ತಿದ್ದಳು.

ಗಂಡಹೆಂಡತಿ ಹೊರಗೆ ಜಗಲಿಯಲ್ಲಿ ನಿಂತು ಜಗಳವಾಡಿದ್ದು ನನ್ನ ಮೇಜಿಗೆ ಕೇಳಿಸಿತು. ನೀವೊಂದು ಮಾತೂ ಆಡಲಿಲ್ಲ ಎಂದು ಅವಳು, ಇದ್ದ ಕೆಲಸವನ್ನೂ ಕಳೆಯುತ್ತೀಯಾ ಎಂದು ಅವನು. ಕೊನೆಗೆ ಗುರುವಪ್ಪ ಹೇಳಿದ: "ಅಲ್ಲಿ ನನ್ನ ಕೈಕೆಳಗೆ ಸೇಫು ಅಂತ ಒಬ್ಬ ಇದ್ದಾನೆ, ಆ ಊರಿನವನೇ. ಈಗ ನನ್ನಷ್ಟೇ ಚಂದ ಬೀಜ ಕೊಯ್ತಾನೆ. ಅವನಿಗೆ ತೊಂಬತ್ತು ಶಿಲ್ಲಿಂಗ್. ಅವ ಹೀಗೆ ಬೊಬ್ಬೆ ಹಾಕ್ತಾನಾ?"

"ನಿಮಗೆ ಎಷ್ಟು ಅಂತ ಅವನಿಗೆ ಗೊತ್ತುಂಟಾ?"

ಗುರುವಪ್ಪ ಚಪ್ಪಲಿ ಮೆಟ್ಟಲು ಹೊರಟ.

"ಕೇಳಲಿಲ್ಲವಾ ಅವ?"

"ಕೇಳಿದ್ದ. ಇನ್ನೂರು ಅಂತ ಹೇಳಿದೆ."

"ಥೂ" ಎಂದಳು ದೇಯಿ. ಮೆಟ್ಟಿಲಿಳಿದು ಒಬ್ಬಳೇ ನಡೆದಳು. ಅವನು ಹತ್ತು ಮಾರು ಹಿಂದಿನಿಂದ ಹೋದ.

ಅವನು ಲಿಂಡಿಗೆ ಮರಳಿದ ಮರುವಾರ ಫ್ಯಾಕ್ಟರಿಯಲ್ಲಿ ದೇಯಿಗೆ ಇನ್ನು ಕೆಲಸವಿಲ್ಲ ಎಂದಾಯಿತು. ಕಾರಣ ಯಾರೂ ಹೇಳಲಿಲ್ಲ. ಅವಳು ಕೇಳಲಿಲ್ಲ, ಜೆಪ್ಪುವಿನ ಕಡೆಯ ಇನ್ನೊಂದು ಫ್ಯಾಕ್ಟರಿ ಸೇರಿದಳು. ಏಳನೇ ತಾರೀಕಿಗೆ ಮಾತ್ರ ತಪ್ಪದೆ ಬಂದಳು.

1964ರಲ್ಲಿ ಅಕ್ಕಿಗೆ ತತ್ವಾರ ಬಂತು. ರೇಷನ್ ಅಂಗಡಿಗಳ ಎದುರು ಸಾಲು, ಬೆಲೆ ಕೇಳಿದರೆ ತಲೆ ತಿರುಗುವಷ್ಟು. ಮಂಗಳೂರಿನ ನೌಕರರಿಗೆಲ್ಲ ಕಂಪೆನಿ ತುಟ್ಟಿಭತ್ಯೆ ಕೊಟ್ಟಿತು, ನನಗೂ ಸಿಕ್ಕಿತು. ಲಿಂಡಿಯಿಂದ ಗುರುವಪ್ಪ ತನಗೂ ಬೇಕೆಂದು ಬರೆದ, ದೇಯಿಯೇ ಬರೆಸಿರಬೇಕು. ಅದಕ್ಕೆ ಗ್ರೀವ್ಸ್ ಹೇಳಿ ಬರೆಸಿದ ಉತ್ತರವನ್ನು ನಾನೇ ಟೈಪ್ ಮಾಡಿದೆ. "ನಿಮ್ಮ ಸಂಬಳ ನಿಗದಿಯಾಗಿರುವುದು ಶಿಲ್ಲಿಂಗಿನಲ್ಲಿ. ಮಂಗಳೂರಿನ ಬೆಲೆಗಳಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ." ನೆಟ್ಟಗಿನ ಕಾಗದ, ಮೂರೇ ಸಾಲು.

ಎರಡು ವರ್ಷ ಕಳೆದು 1966ರ ಜೂನ್ ತಿಂಗಳಲ್ಲಿ ಸರಕಾರ ರೂಪಾಯಿಯ ಬೆಲೆ ಇಳಿಸಿತು. ಬೆಳಗಾಗುವುದರೊಳಗೆ ಪೌಂಡಿನ ಬೆಲೆ ಹದಿಮೂರು ಚಿಲ್ಲರೆಯಿಂದ ಇಪ್ಪತ್ತೊಂದು ರೂಪಾಯಿಗೆ ಏರಿತು. ಶಿಲ್ಲಿಂಗ್ ಕೂಡ ಅದರ ಜೊತೆಗೇ ಏರಿತು. ಬಂದರಿನಲ್ಲಿ ಬೇರೆ ಮಾತೇ ಇರಲಿಲ್ಲ. ಜುಲೈ ಏಳರಂದು ದೇಯಿ ಬಂದಾಗ ರವೂಫ್ ಬ್ಯಾರಿ ಅವಳನ್ನು ಅಂಗಡಿಯೆದುರು ನಿಲ್ಲಿಸಿ ಲೆಕ್ಕ ಹೇಳಿಕೊಟ್ಟಿದ್ದರು. ಯೂಸ್ಟೇಸ್ ಎಂದಿನಂತೆ ಇನ್ನೂರು ರೂಪಾಯಿ ಎಸೆದ. ಅವಳು ಮುಟ್ಟಲಿಲ್ಲ.

"ಮುನ್ನೂರ ಹದಿನೈದು ಆಗಬೇಕು."

"ಯಾರು ಹೇಳಿದ್ದು?"

"ಮುನ್ನೂರು ಶಿಲ್ಲಿಂಗಿಗೆ ಇವತ್ತಿನ ರೂಪಾಯಿ ಅಷ್ಟೇ. ಬ್ಯಾಂಕಿನಲ್ಲಿ ಕೇಳಿ ಬನ್ನಿ."

"ನಿನ್ನ ಗಂಡನ ಸಂಬಳ ಶಿಲ್ಲಿಂಗಿನಲ್ಲಿ ಅಲ್ಲ, ರೂಪಾಯಿಯಲ್ಲಿ. ಇನ್ನೂರು ಅಂದರೆ ಇನ್ನೂರೇ."

"ಅಕ್ಕಿಗೆ ಕ್ರಯ ಏರಿದಾಗ ಶಿಲ್ಲಿಂಗ್. ಶಿಲ್ಲಿಂಗಿಗೆ ಕ್ರಯ ಏರಿದಾಗ ರೂಪಾಯಿ. ನಿಮ್ಮ ಕಂಪೆನಿಗೆ ಎಷ್ಟು ನಾಲಿಗೆ ಉಂಟು?"

"ಬೇಕಾದರೆ ತೆಗೊ, ಇಲ್ಲದಿದ್ದರೆ ಹೋಗು!" ಯೂಸ್ಟೇಸ್ ಮೇಜಿಗೆ ಗುದ್ದಿದ. ಮಸಿಕುಡಿಕೆ ಉರುಳಿತು. ದೇಯಿ ಇನ್ನೂರು ರೂಪಾಯಿಯನ್ನು ತೆಗೆದುಕೊಂಡಳು. ಪುಸ್ತಕದಲ್ಲಿ ತನ್ನ ಹೆಸರಿನ ಕೆಳಗೆ, ಎಲ್ಲರೂ ನೋಡುತ್ತಿರುವಂತೆಯೇ, "ನೂರ ಹದಿನೈದು ಬಾಕಿ" ಎಂದು ಬರೆದಳು.

ಆ ಮಧ್ಯಾಹ್ನವೇ ಗ್ರೀವ್ಸ್ ನನ್ನನ್ನು ಕರೆದು ಗುರುವಪ್ಪನ ಹೊಸ ಕರಾರು ಹೇಳಿ ಬರೆಸಿದ. ಮಂಗಳೂರಿನಲ್ಲಿ ಕೊಡುವ ಸಂಬಳ ಇನ್ನುಮುಂದೆ ಇನ್ನೂರ ಇಪ್ಪತ್ತು ರೂಪಾಯಿ. ಶಿಲ್ಲಿಂಗಿನ ಹೆಸರೇ ಇಲ್ಲ. ನೋಡುವವರಿಗೆ ಇಪ್ಪತ್ತು ರೂಪಾಯಿ ಏರಿಸಿದಂತೆ. ತಾರೀಕು ಮಾತ್ರ ರೂಪಾಯಿ ಇಳಿಯುವ ಮೊದಲಿನದು, ಏಪ್ರಿಲ್ ಒಂದು ಎಂದು ಹಾಕು ಎಂದ. ನನ್ನ ಪೆನ್ಸಿಲ್ ಒಂದು ಗಳಿಗೆ ನಿಂತಿತು. ಗ್ರೀವ್ಸ್ ನಕ್ಕ.

"ಮಿಸ್ ಪಾಯ್ಸ್, ಏನೂ ಗೊತ್ತಿಲ್ಲದ ಹಾಗೆ ಇರುವುದು ನಿನ್ನ ದೊಡ್ಡ ಗುಣ."

ಹೊಗಳಿಕೆ ಎಂದೇ ಅವನು ಹೇಳಿದ್ದು. ಐದಾರು ವರ್ಷದಿಂದ ದೇಯಿ ನನ್ನ ಬಗ್ಗೆ ಅಂದುಕೊಂಡದ್ದನ್ನೇ ಇವನೂ ಅಂದುಕೊಂಡಿದ್ದ. ನನ್ನನ್ನು ಮೆಚ್ಚಿದವನಿಗೂ ಮೆಚ್ಚದವಳಿಗೂ ನಾನು ಒಂದೇ ಆಗಿ ಕಂಡಿದ್ದೆ.

ಕಾಗದ ಟೈಪ್ ಮಾಡಿ ಕೊಟ್ಟೆ. ಶನಿವಾರ ಊಟದ ಹೊತ್ತಿಗೆ ಕಡತದ ಕಪಾಟಿನಿಂದ 1957ರ ಕರಾರಿನ ಪ್ರತಿಯನ್ನೂ 1964ರ ಕಾಗದದ ಪ್ರತಿಯನ್ನೂ ತೆಗೆದೆ. ತಿರುಗಿದರೆ ಯೂಸ್ಟೇಸ್ ಬಾಗಿಲಲ್ಲಿ.

"ಮಗ್ಗಿ, ಅದನ್ನು ಅಲ್ಲೇ ಇಡು" ಎಂದ ಕೊಂಕಣಿಯಲ್ಲಿ. ನಾನು ಇಡಲಿಲ್ಲ. ಆಗ ಅವನು ನನಗೆ ತನ್ನ ಅಪ್ಪನ ಕತೆ ಹೇಳಿದ. ಯುದ್ಧಕ್ಕೆ ಮುಂಚೆ ಅವನ ಅಪ್ಪ ರಂಗೂನಿನಲ್ಲಿ ಒಂದು ವಿಲಾಯತಿ ಅಕ್ಕಿ ಮಿಲ್ಲಿನ ನೌಕರ. ಆಗಿನ ಪದ್ಧತಿಯಲ್ಲಿ ಅರ್ಧ ಸಂಬಳ ಅಲ್ಲಿ ಕೊಡುತ್ತಿದ್ದರು; ಉಳಿದರ್ಧವನ್ನು ಹಿಡಿದಿಟ್ಟುಕೊಂಡು, ಅವಧಿ ಮುಗಿಸಿ ಕಂಪೆನಿಯ ಹಡಗಿನಲ್ಲಿ ಊರಿಗೆ ಮರಳಿದವನಿಗೆ ಕೊಡುತ್ತಿದ್ದರು. ಜನ ನಡುವೆ ಓಡಿಹೋಗದಿರಲಿ ಎಂದು. 1942ರಲ್ಲಿ ಜಪಾನಿನವರು ಬಂದಾಗ ಸಾವಿರಾರು ಜನರ ಜೊತೆ ಅವನ ಅಪ್ಪನೂ ಕಾಡುದಾರಿಯಲ್ಲಿ ನಡೆದು ಬಂದ. ಕಲಕತ್ತೆಯ ಕಚೇರಿಯಲ್ಲಿ ಹಿಡಿದಿಟ್ಟ ಆರು ವರ್ಷದ ಸಂಬಳ ಕೇಳಿದರೆ, ನೀನು ಹಡಗಿನಲ್ಲಿ ಬರಲಿಲ್ಲವಲ್ಲ ಎಂದರು.

"ಅಪ್ಪ ಮೂರು ವರ್ಷ ಅವರ ಹತ್ತಿರ ಹೋರಾಡಿದ. ಎಂತ ಸಿಕ್ಕಿತು? ಏನೂ ಇಲ್ಲ. ಹುಚ್ಚನ ಹಾಗೆ ಕಾಗದ ಬರೆಯುತ್ತಾ ಸತ್ತ. ಕಂಪೆನಿಯ ಹತ್ತಿರ ಗೆದ್ದವರು ಯಾರೂ ಇಲ್ಲ."

"ಹಾಗಾದರೆ ದೇಯಿಯ ಮೇಲೆ ಯಾಕೆ ನಿಮಗೆ ಸಿಟ್ಟು?" ಎಂದೆ.

ಅವನು ಬಾಗಿಲಿನಿಂದ ಸರಿದ. ಆ ಗಳಿಗೆಯಲ್ಲಿ ಅವನ ಮೇಲೆ ನನಗೆ ಕನಿಕರ ಬರಬೇಕಾಗಿತ್ತು. ಬರಲಿಲ್ಲ.

ಆದಿತ್ಯವಾರ ಪೂಜೆ ಮುಗಿಸಿ ಬಸ್ಸು ಹತ್ತಿ ಕುಲಶೇಖರಕ್ಕೆ ಹೋದೆ. ದೇಯಿ ಅಂಗಳದಲ್ಲಿ ಕಟ್ಟಿಗೆ ಒಡೆಯುತ್ತಿದ್ದಳು. ನನ್ನನ್ನು ನೋಡಿ ಕೊಡಲಿಯನ್ನು ಕೆಳಗಿಡಲಿಲ್ಲ.

"ಅಲ್ಲೇ ನಿಲ್ಲಿ. ಎಂತಕ್ಕೆ ಬಂದದ್ದು?"

ಹೊಸ ಕರಾರಿನ ಸುದ್ದಿ ಹೇಳಿ, ಕಾಗದಗಳನ್ನು ಚಾಚಿದೆ.

"ಓದಿ. ಈ ಸಲ ಪೂರ್ತಿ ಓದಿ."

ಬಿಸಿಲಲ್ಲಿ ನಿಂತು ಎರಡನ್ನೂ ಓದಿದೆ. ಡನ್ನನ ಕರಾರಿನ ಪ್ರತಿ ತಂದಿರಲಿಲ್ಲ, ಆದರೆ ಅದರ ಒಂದೊಂದು ಸಾಲೂ ನನಗೆ ನೆನಪಿತ್ತು. ಅದನ್ನೂ ಹೇಳಿದೆ. ಕೇಳಿ ಮುಗಿಸಿ ಅವಳು ಕಾಗದಗಳನ್ನು ಕಸಿದುಕೊಂಡಳು. ನೀರು ಬೇಕಾ ಎಂದೂ ಕೇಳಲಿಲ್ಲ.

"ಅವರು ಸಹಿ ಹಾಕುವ ಮೊದಲು ಹೇಳಬೇಕಲ್ಲ. ಬೇಗ ಮುಟ್ಟುವುದು ಎಂತ ಉಂಟು?"

"ಟೆಲಿಗ್ರಾಂ" ಎಂದೆ.

ಸೋಮವಾರ ಅಂಚೆ ಕಚೇರಿಯಲ್ಲಿ ಅವಳು ಕೇಳಿದ ಹಾಗೆ ನಾನು ಬರೆದುಕೊಟ್ಟೆ: ಹೊಸ ಕಾಗದಕ್ಕೆ ಸಹಿ ಹಾಕಬೇಡಿ, ದೇಯಿ. ಮೂವತ್ತು ರೂಪಾಯಿಯ ಮೇಲಾಯಿತು. ಗುರುವಪ್ಪನಿಗೆ ಲಿಂಡಿಯಲ್ಲಿ ಬೇರೆ ವಿಳಾಸವಿರಲಿಲ್ಲ, ಕಂಪೆನಿಯ ವಿಳಾಸವನ್ನೇ ಹಾಕಿದೆವು. ಅಷ್ಟು ವರ್ಷ ಕಚೇರಿಯಲ್ಲಿ ದುಡಿದ ನನಗೆ ಅದರ ಅಪಾಯ ಹೊಳೆಯಬೇಕಿತ್ತು.

ಟೆಲಿಗ್ರಾಂ ಡನ್ನನ ಕೈ ಸೇರಿತು. ಅವನು ಅದನ್ನು ಮೇಜಿನ ಡ್ರಾಯರಿನಲ್ಲಿಟ್ಟ. ಜುಲೈ ಇಪ್ಪತ್ತೊಂಬತ್ತರಂದು ಹೊಸ ಕರಾರನ್ನು ಮುಂದಿಟ್ಟು, ಇಪ್ಪತ್ತು ರೂಪಾಯಿ ಏರಿಸಿದ್ದಾರೆ ಎಂದು ಗುರುವಪ್ಪನ ಬೆನ್ನು ತಟ್ಟಿ ಸಹಿ ಹಾಕಿಸಿದ. ಎರಡು ದಿನ ಬಿಟ್ಟು ಟೆಲಿಗ್ರಾಂ ಕೊಟ್ಟ. ಗುರುವಪ್ಪ ಹೆಂಡತಿಗೆ ಇದೆಲ್ಲವನ್ನೂ ಬರೆದ. ಪುಣ್ಯಕ್ಕೆ ಒಂದು ಕೆಲಸ ಮಾಡಿದ್ದ: ಸಹಿಯ ಕೆಳಗೆ ಅಂದಿನ ತಾರೀಕನ್ನು ತನ್ನ ಅಭ್ಯಾಸದಂತೆ ಹಾಕಿದ್ದ. ಬೀಜದ ಮೂಟೆಗಳ ಚೀಟಿಯಲ್ಲಿ ದಿನಾ ಹಾಕುವ ಹಾಗೆ.

ಆಗಸ್ಟಿನಲ್ಲಿ ಮತ್ತೆ ಎಸೆದದ್ದು ಇನ್ನೂರೇ; ಸಹಿಯಾದ ಕರಾರು ಇನ್ನೂ ಮಂಗಳೂರಿಗೆ ಮುಟ್ಟಿರಲಿಲ್ಲ. ದೇಯಿ ಕಾಗದಗಳನ್ನು ಹಿಡಿದು ಲೇಬರ್ ಆಫೀಸರರ ಹತ್ತಿರ ಹೋದಳು. ಮೂರು ಸಲ ವಿಚಾರಣೆಯಾಯಿತು. ಸಂಬಳ ಮೊದಲಿನಿಂದಲೂ ರೂಪಾಯಿಯಲ್ಲೇ ಎಂದು ಕಂಪೆನಿಯ ವಕೀಲರು ವಾದಿಸಿದರು. ಆಫೀಸರರು 1964ರ ಕಾಗದದ ಮೂರು ಸಾಲನ್ನು ಅವರ ಮುಂದೆ ಓದಿದರು. ಮತ್ತೆ ದೇಯಿಯ ಕಡೆ ತಿರುಗಿ, ಇದು ನಿಮಗೆ ಎಲ್ಲಿಂದ ಸಿಕ್ಕಿತು ಎಂದು ಕೇಳಿದರು.

"ಅದೇ ಆಫೀಸಿನ ಟೈಪಿನವರು ಕೊಟ್ಟದ್ದು. ಮಗ್ದಲೀನ್ ಪಾಯ್ಸ್ ಅಂತ."

ಏಪ್ರಿಲ್ ಒಂದರ ತಾರೀಕು ನಡೆಯಲಿಲ್ಲ. ಜುಲೈ ಇಪ್ಪತ್ತೊಂಬತ್ತಕ್ಕೆ ಸಹಿ ಬಿದ್ದ ಮೇಲೆ ಹೊಸ ಕರಾರು ಆಗಸ್ಟಿನಿಂದ ಮಾತ್ರ ಎಂದಾಯಿತು. ಜೂನ್ ಮತ್ತು ಜುಲೈಯ ಬಾಕಿ ಇನ್ನೂರ ಮೂವತ್ತು ರೂಪಾಯಿ ಕೊಡಬೇಕೆಂದರು. ಅಲ್ಲಿಂದ ಮುಂದಕ್ಕೆ ಸಹಿ ಹಾಕಿದ್ದನ್ನು ಯಾರೂ ಅಳಿಸಲಾರರು. ದೇಯಿ ಗೆದ್ದದ್ದು ಎರಡು ತಿಂಗಳನ್ನು.

ನನ್ನನ್ನು ಮರುದಿನವೇ ತೆಗೆದರು. ಹನ್ನೆರಡು ದಿನದ ಸಂಬಳವನ್ನು ಯೂಸ್ಟೇಸ್ ಲಕೋಟೆಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟ, ಎಸೆಯಲಿಲ್ಲ. "ಹೇಳಿದ್ದೆನಲ್ಲ" ಎಂದಷ್ಟೇ ಅಂದ.

ಸಿಟ್ಟು ತಡೆಯದೆ ನಾನು ನೇರ ಕುಲಶೇಖರಕ್ಕೆ ಹೋದೆ.

"ನನ್ನ ಹೆಸರು ಎಂತಕ್ಕೆ ಹೇಳಿದ್ದು? ಮನೆಯಲ್ಲಿ ಅಮ್ಮನನ್ನು ಸಾಕುವವಳು ನಾನೊಬ್ಬಳೇ. ಕೆಲಸ ಹೋಯಿತು, ಗೊತ್ತುಂಟಾ?"

"ಮತ್ತೆ ಎಂತ ಹೇಳಬೇಕಿತ್ತು? ಕಾಗದ ಮರದಿಂದ ಉದುರಿತು ಅಂತವಾ? ಕದ್ದದ್ದು ಅಂತ ನನ್ನನ್ನು ಒಳಗೆ ಹಾಕ್ತಿದ್ದರು."

"ಒಂದು ಮಾತು ನನಗೆ ಮೊದಲು ಹೇಳಬಹುದಿತ್ತು."

"ನೀವು 1957ರಲ್ಲಿ ನನಗೆ ಹೇಳಿದಿರಾ?" ದೇಯಿ ನನ್ನ ಮುಖಕ್ಕೆ ಮುಖ ಕೊಟ್ಟು ನಿಂತಳು. "ಆಗಲೇ ಹೇಳಿದ್ದರೆ ಅವರನ್ನು ಕಳಿಸ್ತಿರಲಿಲ್ಲ, ಇಲ್ಲದಿದ್ದರೆ ಸಾವಿರ ಶಿಲ್ಲಿಂಗ್ ಕೇಳಿ ಕಳಿಸ್ತಿದ್ದೆ. ಒಂಬತ್ತು ವರ್ಷ ಆಯ್ತು. ನಿಮ್ಮದು ಒಂದು ಕೆಲಸ ಹೋದದ್ದು. ಇನ್ನೂರ ಮೂವತ್ತು ಬಂದಿದೆ, ಅರ್ಧ ಬೇಕಾ?"

"ಬೇಡ."

"ಹಾಗಾದರೆ ಹೋಗಿ."

ಹೋದೆ. ಮೂರು ತಿಂಗಳು ಮನೆಯಲ್ಲಿ ಕೂತು, ಆಮೇಲೆ ಹಂಪನಕಟ್ಟೆಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುವ ಕೆಲಸ ಹಿಡಿದೆ. ಸಂಬಳ ಮೊದಲಿನ ಅರ್ಧ.

1967ರಲ್ಲಿ ಲಿಂಡಿಯಿದ್ದ ದೇಶದ ಸರಕಾರ ದೊಡ್ಡ ದೊಡ್ಡ ವ್ಯಾಪಾರದ ಕಂಪೆನಿಗಳನ್ನು ತನ್ನ ಕೈಗೆ ತೆಗೆದುಕೊಂಡಿತು. ಹಾಲ್ಡನ್ ಕಂಪೆನಿ ಲಿಂಡಿಯನ್ನು ಬಿಟ್ಟಿತು. ಡನ್ನನಿಗೆ ಲಂಡನ್ನಿನಲ್ಲಿ ಪೌಂಡುಗಳಲ್ಲಿ ಪರಿಹಾರ ಸಿಕ್ಕಿತಂತೆ. ಗುರುವಪ್ಪನಿಗೆ ಡೆಕ್ಕಿನ ಟಿಕೇಟು ಮತ್ತು ಒಂದು ತಿಂಗಳ ಸಂಬಳ. ಅವನು ಬಂದಿಳಿದ ದಿನ ದೇಯಿ ಕೆಲಸಕ್ಕೆ ರಜೆ ಹಾಕಲಿಲ್ಲ, ಆರು ತಿಂಗಳು ಗಂಡಹೆಂಡತಿಯ ನಡುವೆ ಊಟಕ್ಕೆ ಬನ್ನಿ ಎಂಬುದಕ್ಕಿಂತ ಹೆಚ್ಚಿನ ಮಾತಿರಲಿಲ್ಲ ಎಂದು ರವೂಫ್ ಬ್ಯಾರಿ ನನಗೆ ಹೇಳಿದರು. ಬೀಜ ಕೊಯ್ಯುವ ಕೈ ಊರಿನಲ್ಲಿ ಬಹಳ ಇರಲಿಲ್ಲ. ಬೇರೊಂದು ಫ್ಯಾಕ್ಟರಿಯವರು ಅವನನ್ನು ಕರೆದರು. ಸಂಬಳದ ಮಾತಿಗೆ ಈ ಸಲ ದೇಯಿಯೇ ಹೋಗಿದ್ದಳಂತೆ. ಅವನು ಹೊರಗೆ ನಿಂತಿದ್ದನಂತೆ.

ಅವಳನ್ನು ನಾನು ಕೊನೆಗೆ ಕಂಡದ್ದು 1969ರಲ್ಲಿ, ಕಂಕನಾಡಿ ಮಾರ್ಕೆಟಿನಲ್ಲಿ. ಬಸಳೆಯ ಕಟ್ಟು ಹಿಡಿದು ಮಾರುವವಳ ಜೊತೆ ಚೌಕಾಸಿ ಮಾಡುತ್ತಿದ್ದಳು. ತಲೆಯಲ್ಲಿ ಬಿಳಿ ಕೂದಲು ಬಂದಿತ್ತು. ನೋಡದ ಹಾಗೆ ದಾಟಿಹೋಗೋಣ ಎಂದುಕೊಂಡೆ, ಅವಳು ಬಿಡಲಿಲ್ಲ.

"ಟೈಪಿನವರೇ, ಈಗ ಎಲ್ಲಿ?"

ಹೇಳಿದೆ.

"ಎಷ್ಟು ಕೊಡ್ತಾರೆ?"

ಮಾರ್ಕೆಟಿನ ನಡುವೆ, ಎಲ್ಲರ ಕಿವಿಗೆ ಬೀಳುವ ಹಾಗೆ ಕೇಳಿದ ಪ್ರಶ್ನೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಎಪ್ಪತ್ತೈದು" ಎಂದೆ.

"ಅಲ್ಲಿ ಕಲಿಸುವ ಗಂಡಸರಿಗೆ?"

ಅದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹಾಗೆಂದು ಹೇಳಿದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಬಸಳೆಯನ್ನು ಬುಟ್ಟಿಗೆ ಹಾಕಿಕೊಂಡು ಹೋದಳು.

ಜೆಪ್ಪುವಿನವರೆಗೂ ನಾನು ಅವಳಿಗೆ ಮನಸ್ಸಿನಲ್ಲೇ ಬೈಯುತ್ತಾ ನಡೆದೆ. ಮರುದಿನ ಇನ್‌ಸ್ಟಿಟ್ಯೂಟಿನಲ್ಲಿ ನನ್ನ ಜೊತೆಗೇ ಸೇರಿದ ಮಾಸ್ತರರನ್ನು ನಿಲ್ಲಿಸಿ ಕೇಳಿದೆ. ಅವರು ಸ್ವಲ್ಪ ಹೊತ್ತು ಕನ್ನಡಕ ಒರೆಸಿಕೊಂಡು, ನೂರ ಇಪ್ಪತ್ತು ಎಂದರು.